ಅರ್ಧ ಮಂಚ

ವೆಲ್ಡಿಂಗ್ ಅಂಗಡಿಯವನನ್ನು ಬೀದಿಯವರೆಲ್ಲ ಕಿಡಿ ಮಾವ ಎಂದೇ ಕರೆಯುತ್ತಿದ್ದರು. ಕಿಡಿ ಹಾರಿ ತೂತು ಬೀಳದ ಅಂಗಿ ಅವನ ಹತ್ತಿರ ಒಂದೂ ಇರಲಿಲ್ಲ. "ನಿಮ್ಮ ಅಂಗೀಲಿ ಹಿಟ್ಟು ಜರಡಿ ಹಿಡೀಬಹುದು ಕಣ್ರೀ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಮನೆಯಿಲ್ಲದವರಿಗಾಗಿ ನಗರಸಭೆ ಅದೇ ಬೀದಿಯ ಹಳೆಯ ಗೋದಾಮಿನಲ್ಲಿ ತಂಗುಮನೆ ತೆರೆಯುತ್ತದೆ ಎಂದಾಗ ಬೀದಿಯವರು ಕೆಂಡವಾದರು. ಕಿಡಿ ಮಾವ ಒಬ್ಬನೇ, "ಬರಲಿ ಬಿಡ್ರಪ್ಪ, ಅವರೂ ಮನುಷ್ಯರೇ," ಎಂದ.

"ಅಲ್ಲಿನ ಕಬ್ಬಿಣದ ಮಂಚದ ಕೆಲಸ ನಿನಗೇ ಸಿಕ್ಕಿದೆಯಲ್ಲ, ಅದಕ್ಕೇ ಈ ದಯೆ!" ಎಂದು ಎದುರಂಗಡಿಯವನು ಚುಚ್ಚಿದ.

ಮಾವ ಮಂಚಗಳ ಅಂಚನ್ನು ಯಾರ ಕಾಲಿಗೂ ತರಚದಂತೆ ಮತ್ತೆ ಮತ್ತೆ ಉಜ್ಜಿ ನುಣುಪು ಮಾಡಿದ.

ತಂಗುಮನೆ ತೆರೆದ ಮಧ್ಯಾಹ್ನ, ಒಂದು ಮಂಚ ಅಲುಗಾಡುತ್ತಿದೆ ಎಂದು ಹೇಳಿಕಳಿಸಿದರು. ಸ್ಪ್ಯಾನರ್ ಹಿಡಿದು ಹೋದ ಮಾವ ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಮಲಗಿದ್ದವರೆಲ್ಲ ಮೊಣಕಾಲನ್ನು ಎದೆಗೆ ಸೇರಿಸಿ, ಮಂಚದ ತಲೆಯ ಕಡೆಯ ಅರ್ಧದಲ್ಲಿ ಮುದುಡಿಕೊಂಡಿದ್ದರು. ಉಳಿದರ್ಧ ಎಲ್ಲ ಮಂಚದಲ್ಲೂ ಖಾಲಿ.

"ಅಜ್ಜಿ, ಕಾಲು ಚಾಚಿಕೊಳ್ಳಿ, ಜಾಗ ಇದೆಯಲ್ಲ," ಎಂದ ಹತ್ತಿರದ ಮುದುಕಿಗೆ.

"ಬರಲ್ಲ ಕಣಪ್ಪ. ಬಸ್ ನಿಲ್ದಾಣದ ಬೆಂಚಲ್ಲಿ ಮಲಗಿ ಮಲಗಿ ಹೀಗಾಗಿದೆ. ಅಲ್ಲಿ ನಟ್ಟನಡುವೆ ಕಂಬಿ ಹಾಕಿದ್ದಾನಲ್ಲ, ಯಾವ ಪುಣ್ಯಾತ್ಮನೋ!" ಎಂದು ಅವಳು ನಕ್ಕಳು.

ಆ ಕಂಬಿಗಳನ್ನು ಬೆಸೆದವನು ಮಾವನೇ. ಕೂತವರಿಗೆ ಕೈ ಊರುವುದಕ್ಕೆ ಎಂದು ಹೇಳಿ ನಗರಸಭೆಯವರು ಮಾಡಿಸಿದ್ದರು; ಅವನೂ ಹಾಗೆಂದೇ ನಂಬಿದ್ದ.

ಅಷ್ಟರಲ್ಲಿ ನಗರಸಭೆಯ ಸಾಹೇಬರು ಒಳಗೆ ಬಂದರು. ಮಂಚಗಳನ್ನು ನೋಡುತ್ತಲೇ ಅವರ ಮುಖ ಅರಳಿತು. "ಓಹೋ, ಇವರಿಗೆ ಅರ್ಧ ಮಂಚವೇ ಸಾಕು! ಮುಂದಿನ ತಂಗುಮನೆಗಳಿಗೆ ಗಿಡ್ಡ ಮಂಚ ಮಾಡಿಬಿಡಿ. ಒಬ್ಬರ ಜಾಗದಲ್ಲಿ ಇಬ್ಬರು ಹಿಡಿಸ್ತಾರೆ."

ತಮಾಷೆಯಿರಬೇಕೆಂದು ಮಾವ ಅವರ ಮುಖ ನೋಡಿದ. ತಮಾಷೆಯಾಗಿರಲಿಲ್ಲ.

"ಸಾರ್, ಇವರು ಗಿಡ್ಡ ಅಲ್ಲ," ಎಂದ. "ನಾವು ಗಿಡ್ಡ ಮಾಡಿದ್ದು."

"ನೀವು ಮಾಡ್ತೀರೋ, ಬೇರೆಯವರಿಗೆ ಹೇಳಲೋ?"

ಬೇರೆಯವರ ಕೈಗೆ ಹೋದರೆ ಗಿಡ್ಡ ಮಂಚವೇ ಗಟ್ಟಿ. "ನಾನೇ ಮಾಡ್ತೀನಿ," ಎಂದುಬಿಟ್ಟ ಮಾವ.

ಮನೆಗೆ ಬಂದವನು ಊಟಕ್ಕೂ ಕೂರದೆ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮಾವ ಮನೆ ಮುಂದಿನ ತನ್ನ ಅಂಗಡಿಗೆ ಹೋಗಿ, ನೆಲದ ಮೇಲೆ ಅಂಗಾತ ಮಲಗಿ, "ಸೀಮೆಸುಣ್ಣ ತಗೊಂಡು ಬಾರೇ, ಅಳತೆ ಗೀಚು," ಎಂದ.

"ಇಷ್ಟುದ್ದ ಮಾಡಿದ್ರೆ ಅವರು ಬೇಡ ಅಂತಾರೆ ಕಣ್ರೀ."

"ಅಂದ್ರೆ ಆ ಮಂಚಾನ ಅವರ ಆಫೀಸಿನ ಬಾಗಿಲಿಗೇ ಅಡ್ಡ ಹಾಕಿ ನಾನೇ ಮಲಗ್ತೀನಿ."

ಅವಳು ಅವನ ಹಿಮ್ಮಡಿಯಿಂದ ಗೇಣುದ್ದ ಆಚೆಗೆ ಗೆರೆ ಎಳೆದಳು.

"ಅಷ್ಟಾಚೆ ಯಾಕೇ?"

"ಸುಮ್ನೆ ಮಲಗ್ರೀ. ನಿಮಗಿಂತ ಉದ್ದ ಇರೋರು ಬರೋದೇ ಇಲ್ವಾ?"