ಮೆಣಸಿನಕಾಯಿ ಖೋಲಿಯ ನಗೆಕಥೆ

ನಮ್ಮ ಮನೆತನದಲ್ಲಿ ಒಂದು ನಗೆಕಥೆ ಇದೆ, ಅದರ ನಾಯಕಿ ನಾನೇ. ಲಗ್ನವಿರಲಿ, ತೊಟ್ಟಿಲ ಕಾರ್ಯವಿರಲಿ, ಊಟ ಮುಗಿದು ಎಲೆ ಅಡಿಕೆ ಬಂತೆಂದರೆ ಯಾರಾದರೊಬ್ಬರು "ಏ, ಆ ಮೆಣಸಿನಕಾಯಿ ಖೋಲಿದು ಹೇಳ ಬೇ" ಅನ್ನುವವರೇ. ನಾನೂ ಬಿಂಕ ಮಾಡದೆ ಹೇಳುತ್ತಿದ್ದೆ. ಕೈ ಬಾಯಿ ತಿರುಗಿಸಿ, ಅಪ್ಪನ ದನಿ ತೆಗೆದು, ಬಹಳ ಚಂದ ಹೇಳುತ್ತಿದ್ದೆ.

ಕಥೆ ಹೀಗೆ. ಮೋಟೆಬೆನ್ನೂರಿನ ನಮ್ಮ ಮನೆಯ ಹಿಂದೆ ಒಂದು ಖೋಲಿ. ಸುಗ್ಗಿಯಲ್ಲಿ ಅದರ ತುಂಬ ಒಣಮೆಣಸಿನಕಾಯಿ, ಅಲ್ಲಿಂದ ಬ್ಯಾಡಗಿ ಪೇಟೆಗೆ ಹೋಗುತ್ತಿತ್ತು. ನನಗಾಗ ಏಳು ವರ್ಷವಿದ್ದೀತು. ಮಾಲು ನೋಡಲು ಒಬ್ಬ ವ್ಯಾಪಾರಿ ಮನೆಗೇ ಬಂದಿದ್ದ. ಅಪ್ಪ ಒಂದು ಹಿಡಿ ಎತ್ತಿ ಬಣ್ಣ ತೋರಿಸುತ್ತಿದ್ದಾಗ ನಾನು ನಡುವೆ ಬಾಯಿ ಹಾಕಿ, "ನಮ್ಮಪ್ಪ ನಿನ್ನೆ ಇದಕ್ಕ ನೀರು ಹೊಡದಾನ್ರಿ" ಅಂದೆ. ತೂಕ ಬರಲೆಂದು ಹೊಡೆದ ನೀರು ಅದು. ವ್ಯಾಪಾರಿ ನಗುತ್ತ ಎದ್ದು ಹೋದ. ಅಪ್ಪ ನನ್ನನ್ನು ರಟ್ಟೆ ಹಿಡಿದು ಎತ್ತಿ ಆ ಖೋಲಿಯೊಳಗೆ ಹಾಕಿ, ಬಾಗಿಲಿಗೆ ಕೀಲಿ ಜಡಿದು, ಕೀಲಿಕೈ ಅಂಗಿ ಜೇಬಿನಲ್ಲಿಟ್ಟುಕೊಂಡು ಬ್ಯಾಡಗಿಗೆ ಹೋದ. ಅಲ್ಲಿ ಒಂದು ಚಹಾ ಕುಡಿದು, ಸಿಟ್ಟು ಇಳಿದ ಮೇಲೆ ಬಂದು ಬಾಗಿಲು ತೆಗೆದ. ನಾನು ಕಣ್ಣು ಮೂಗು ಸುರಿಸಿಕೊಂಡು ಹೊರಗೆ ಬಂದವಳೇ ಸೊಂಟದ ಮೇಲೆ ಕೈಯಿಟ್ಟು ಕೇಳಿದೆ: "ಯಪ್ಪಾ, ಬ್ಯಾಡಗಿ ಮೆಣಸಿನಕಾಯಿಗೆ ಖಾರಿಲ್ಲಂತ ಯಾರಂದ್ರು?"

ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಅದಕ್ಕೇ ನಮ್ಮ ಕಡೆಯವರು ಈ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಪ್ಪ ಇರುವ ತನಕ ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ.

ಈಚೆಗೆ ಹಾವೇರಿಯಲ್ಲಿ ಇದೇ ಕಥೆಯನ್ನು ಒಬ್ಬ ಹುಡುಗಿಗೆ ಹೇಳಿದೆ. ನನ್ನ ಗೆಳತಿಯ ತಂಗಿಯ ಮಗಳು, ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಚಿಕ್ಕಂದಿನಲ್ಲಿ ಮನೆಯವರಿಂದಲೇ ಹಿಂಸೆ ಉಂಡವರು ವಯಸ್ಸಾದ ಮೇಲೆ ಹೇಗಿರುತ್ತಾರೆ ಅನ್ನುವುದು ಅವಳ ವಿಷಯ. ಹಿಂಸೆ ಅನ್ನುವ ದೊಡ್ಡ ಶಬ್ದ ಕೇಳಿ ನನಗೆ ನಗು ಬಂತು.

"ನಮ್ಮ ಕಾಲದಾಗ ಪೆಟ್ಟು ತಿನ್ನದವರು ಯಾರಿದ್ರವಾ? ಊರಿಗೆ ಊರೇ ಬರತೈತಿ ನಿನ್ನ ಸಂಶೋಧನಾದಾಗ."

"ಬರ್ಲಿ ಬಿಡ್ರಿ ಅಕ್ಕಾರ. ನಿಮ್ಮಿಂದ ಸುರು ಮಾಡೂನು" ಅಂದು ಅವಳು ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿದಳು.

ಹೇಳಿದೆ. ಖಾರದ ಮಾತಿಗೆ ಬಂದು, ಮಂದಿ ನಗಲೆಂದು ಯಾವಾಗಲೂ ನಿಲ್ಲಿಸುವ ಕಡೆ ನಿಲ್ಲಿಸಿದೆ. ಅವಳು ನಗಲಿಲ್ಲ. ಅರ್ಥವಾಗಲಿಲ್ಲವೇನೋ ಅಂತ ಮತ್ತೊಮ್ಮೆ ಹೇಳಿದೆ. ಆಗಲೂ ಇಲ್ಲ.

"ಒಳಗ ಎಷ್ಟೊತ್ತು ಇದ್ರಿ, ಅಕ್ಕಾರ?"

"ಹೇಳಿದ್ನಲ್ಲ. ಅಪ್ಪ ಚಹಾ ಕುಡಿದು ಬರೂ ತನಕ."

"ಮೋಟೆಬೆನ್ನೂರಿಂದ ಬ್ಯಾಡಗಿಗೆ ಆವಾಗ ಅವರು ಹೆಂಗ ಹೋಗತಿದ್ರು?"

"ಚಕ್ಕಡಿ ಕಟಗೊಂಡು" ಅಂದೆ. ಎತ್ತಿನ ಗಾಡಿಯಲ್ಲಿ ಬ್ಯಾಡಗಿಗೆ ಹೋಗಿ, ಪೇಟೆಯಲ್ಲಿ ಕೂತು, ತಿರುಗಿ ಬರುವುದೆಂದರೆ ಚಹಾದ ಹೊತ್ತಲ್ಲ. ಜನ್ಮವಿಡೀ ಹೇಳಿಕೊಂಡು ಬಂದ ಕಥೆಯ ಈ ಲೆಕ್ಕ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

"ಒಳಗ ಏನ್ ಮಾಡಿದ್ರಿ?" ಅಂತ ಅವಳು ಕೇಳಿದಳು. ಅದೂ ಗೊತ್ತಿರಲಿಲ್ಲ. ನನ್ನ ಕಥೆಯಲ್ಲಿ ಬಾಗಿಲು ಹಾಕುವುದಿತ್ತು, ಬಾಗಿಲು ತೆಗೆಯುವುದಿತ್ತು. ನಡುವೆ ಏನೂ ಇರಲಿಲ್ಲ.

ಆಮೇಲೆ ನಿದ್ದೆಯ ಬಗ್ಗೆ, ಎದೆ ಹೊಡೆದುಕೊಳ್ಳುವುದರ ಬಗ್ಗೆ, ಯಾರಾದರೂ ಹಿಂದಿನಿಂದ ಕರೆದರೆ ಏನಾಗುತ್ತದೆ ಅನ್ನುವುದರ ಬಗ್ಗೆ ಕೇಳಿದಳು. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲಿಕ್ಕೆ ಬರುವುದಿಲ್ಲ, ಆದರೆ ಮನೆಯೊಳಗೇ ಅಂಜಿ ಬೆಳೆದ ಮಕ್ಕಳು ಬಹಳಷ್ಟು ಮಂದಿ ದೊಡ್ಡವರಾದ ಮೇಲೂ ನಿರಾಳವಾಗಿ ಕೂರಲಾರರು, ಕೆಲವರು ಅದನ್ನೇ ಚೇಷ್ಟೆ ಮಾಡಿಕೊಂಡು ನಗಿಸುತ್ತಾರೆ ಅಂತ ಮೆತ್ತಗೆ ಹೇಳಿದಳು. ನನಗೆ ಸಿಟ್ಟು ಬಂತು. ಸುಮ್ಮನಿದ್ದವಳ ತಲೆಯಲ್ಲಿ ಹುಳ ಬಿಡುವುದಕ್ಕೆ ಇಷ್ಟು ಓದಬೇಕೇ ಅನ್ನಿಸಿ, ಚಹಾ ಅರ್ಧಕ್ಕೇ ಬಿಟ್ಟು ಬಸ್ಸು ಹಿಡಿದೆ.

ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಸಿಗಲಿಲ್ಲವೆಂದು ರಾಣೆಬೆನ್ನೂರಿನ ತನಕ ನಿಂತೇ ಬಂದೆ. ಒಳಗೆ ಸೀಟು ಖಾಲಿ ಇದ್ದವು. ಇದು ನನಗೆ ಹೊಸದಲ್ಲ. ರಾಣೆಬೆನ್ನೂರಿನಲ್ಲಿ ನಮ್ಮದು ಬೀಜದ ಅಂಗಡಿ. ಗಿರಾಕಿ ಇರಲಿ ಬಿಡಲಿ, ನಾನು ದಿನವಿಡೀ ನಿಂತೇ ಇರುತ್ತೇನೆ. ನನ್ನ ಗಂಡ ಬಂದವರ ಮುಂದೆಲ್ಲ "ಇಕಿ ಕಾಲಿಗೆ ಚಕ್ರ ಕಟಗೊಂಡs ಹುಟ್ಯಾಳ" ಅಂತ ಆಡಿಕೊಳ್ಳುತ್ತಾನೆ. ನಾನೂ ಅದನ್ನು ಹುರುಪು ಅಂತಲೇ ತಿಳಿದಿದ್ದೆ. ಆ ಹುಡುಗಿ ಅದಕ್ಕೆ ಅಂಜಿಕೆ ಅಂತ ಬೇರೆ ಹೆಸರಿಟ್ಟಳು.

ಇದೆಲ್ಲ ಮರೆತುಬಿಡುತ್ತಿದ್ದೆನೇನೋ. ಆದರೆ ಅದೇ ಹೊತ್ತಿಗೆ ಬ್ಯಾಡಗಿಯಿಂದ ತಮ್ಮನ ಫೋನು. ಅಪ್ಪ ಸತ್ತ ಮೇಲೆ ಅವ್ವ ಅವನ ಹತ್ತಿರವೇ ಇದ್ದಾಳೆ. ಈಗ ಅವನು ಬ್ಯಾಡಗಿಯಲ್ಲಿ ತಾವಿರುವ ಹಳೇ ಮನೆ ಕೆಡವಿ ಹೊಸದು ಕಟ್ಟಿಸುವವನು, ಅಲ್ಲಿಯ ತನಕ ಅವ್ವ ನನ್ನ ಮನೆಯಲ್ಲಿರಬೇಕು. ಕೇಳಿದ ಕೂಡಲೇ ಹೂಂ ಅಂದೆ. ಪಡಸಾಲೆಯ ಪಕ್ಕದ ಖೋಲಿಯನ್ನು ಅವಳಿಗೆಂದು ಬಳಿದು ಒರೆಸತೊಡಗಿದೆ. ಕಸಬರಿಗೆ ಹಿಡಿದು ಒಳಗೆ ಹೋಗುವುದು, ಏನೋ ನೆನಪಾದಂತೆ ಹೊರಗೆ ಬರುವುದು. ಎಂಟು ದಿನವಾದರೂ ಒಂದು ಖೋಲಿ ಸ್ವಚ್ಛವಾಗಲಿಲ್ಲ. ಅವತ್ತು ಅವ್ವ ಎಲ್ಲಿದ್ದಳು? ಕಥೆಯಲ್ಲಿ ಅವಳೂ ಇಲ್ಲ. ಇದನ್ನು ಕೇಳದೆ ಅವಳ ಜೊತೆ ಒಂದೇ ಮನೆಯಲ್ಲಿ ಇರಲಾರೆ ಅನ್ನಿಸಿತು. ಕೇಳಿದ ಮೇಲೆ ಇಟ್ಟುಕೊಳ್ಳಬಲ್ಲೆನೋ ಇಲ್ಲವೋ, ಅದೂ ಗೊತ್ತಿರಲಿಲ್ಲ.

ಸುಗ್ಗಿಯ ದಿನಗಳು. ಬ್ಯಾಡಗಿಯಲ್ಲಿ ಬಸ್ಸಿಳಿದರೆ ಗಾಳಿಗೇ ಸೀನು. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮನೆಯ ಖಾರಪುಡಿಗೆಂದು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ತಮ್ಮನ ಹೆಂಡತಿ ಅಡುಗೆಮನೆಯಲ್ಲಿದ್ದಳು. ನಾನು ಚಪ್ಪಲಿ ಬಿಟ್ಟವಳೇ, ನಿಂತಲ್ಲಿಂದಲೇ ಕೇಳಿದೆ.

"ಅವ್ವಾ, ಅವತ್ತ ನಾ ಒಳಗ ಎಷ್ಟೊತ್ತು ಇದ್ನಿ?"

ಯಾವತ್ತು ಅಂತ ಅವಳು ಕೇಳಲಿಲ್ಲ. "ದೀಪಾ ಹಚ್ಚೂ ತನಕ" ಅಂದಳು.

"ನೀ ಎಲ್ಲಿದ್ದಿ?"

"ಮನ್ಯಾಗ."

ನನಗೇ ತಡೆಯಲಾಗಲಿಲ್ಲ, ಅವಳ ಪರವಾಗಿ ನಾನೇ ವಾದ ಹೂಡಿದೆ. "ಕೀಲಿಕೈ ಅಪ್ಪನ ಕಿಸೇದಾಗ ಇತ್ತಲ್ಲ. ನೀ ಆದ್ರೂ ಏನ್ ಮಾಡತಿದ್ದಿ, ಪಾಪ."

ಅವ್ವ ತೊಟ್ಟು ಮುರಿಯುವುದನ್ನು ನಿಲ್ಲಿಸಿದಳು. "ಆ ಖೋಲಿಗೆ ಕೀಲಿ ಎಲ್ಲಿತ್ತ ಯವ್ವಾ? ಬರೇ ಚಿಲಕಾ ಹಾಕಿ ಹೋಗಿದ್ದ. ನಾಕೈದ ಸಲ ಬಂದು ನಿಂತ್ನಿ. ನೀ ಕೆಮ್ಮೂದು ಕೇಳತಿತ್ತು. ತೆಗದ್ರ ನನ್ನೂ ನಿನ್ನ ಜೋಡಿ ಹಾಕತಾನಂತ ಅಂಜಿ ತಿರುಗಿ ಹೋದ್ನಿ."

"ಹೊರಗ ಬಂದ ಮ್ಯಾಲೆ ಆ ಖಾರದ ಮಾತು ಅಂದ್ನಲ್ಲ ನಾ?"

"ನೀ ಎಲ್ಲಿ ಮಾತಾಡೀದಿ? ನಿನಗ ದನಿನs ಇರಲಿಲ್ಲ. ಅದು ನಿಮ್ಮಪ್ಪ ಪ್ಯಾಟ್ಯಾಗ ಮಂದಿಗೆ ಕಟ್ಟಿ ಹೇಳಿದ್ದು. ದೊಡ್ಡಾಕ್ಯಾದ ಮ್ಯಾಲೆ ನೀನೂ ಅದನ್ನs ಹೇಳಾಕತ್ತಿ. ನಗತಿದ್ದೀ. ಮರತಾಳ, ಛಲೋ ಆತು ಅನ್ಕೊಂಡ್ನಿ ನಾ."

ಅಪ್ಪನ ಮೇಲೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಬಂದದ್ದೆಲ್ಲ ಈ ಮುದುಕಿಯ ಮೇಲೆ. ಬಾಯಿ ತೆರೆದರೆ ಏನು ಅಂದುಬಿಡುತ್ತೇನೋ ಅಂತ ಹಿತ್ತಲಿಗೆ ಹೋದೆ, ನೀರು ಕುಡಿದೆ, ಬೀದಿಬಾಗಿಲಿಗೆ ಬಂದೆ, ಮತ್ತೆ ಹಿತ್ತಲಿಗೆ ಹೋದೆ. ತಮ್ಮನ ಹೆಂಡತಿ ಎರಡು ಸಲ "ಕುಂದರ್ರಿ ಅಕ್ಕಾ" ಅಂದಳು.

ತಿರುಗಿ ಪಡಸಾಲೆಗೆ ಬಂದಾಗ ಅವ್ವ ನನಗಾಗಿಯೇ ಕಾಯುತ್ತಿದ್ದಂತಿತ್ತು.

"ನಿನ್ನ ಮನ್ಯಾಗ ನನಗ ಬ್ಯಾರೆ ಖೋಲಿನ ಮಾಡೀಯಂತಲ್ಲ. ತಮ್ಮ ಹೇಳಿದ."

"ಹೂಂ."

"ಅದಕ್ಕ ಹೊರಗಿಂದ ಚಿಲಕಾ ಐತೇನು?"

ಚೇಷ್ಟೆಗೆ ಕೇಳಿದಳೇನೋ ಅಂತ ಮುಖ ನೋಡಿದೆ. ಚೇಷ್ಟೆಯಲ್ಲ. ನಲ್ಲಿಯಲ್ಲಿ ನೀರು ಬರುತ್ತದೇನು ಅಂತ ಕೇಳುವಷ್ಟು ಸಾದಾ ದನಿ. ಹೆತ್ತ ತಾಯಿ ನನಗೆ ಅಂಜಿದ್ದಳು. ಅದನ್ನು ಕಂಡು ನನಗೆ ಒಂದು ಗಳಿಗೆ ಸಂತೋಷವಾಯಿತು, ಇದನ್ನು ಮುಚ್ಚಿಟ್ಟು ಬರೆಯಲಾರೆ. ಮರುಗಳಿಗೆಗೆ ನನ್ನ ಮೇಲೆ ನನಗೇ ಹೇಸಿಕೆ ಬಂತು.

"ಐತಿ" ಅಂದೆ.

ಅವಳು ಇನ್ನೊಂದು ಮಾತಿಗೆ ಕಾಯುತ್ತಿದ್ದಳು. ಏನೆಂದು ಗೊತ್ತಿತ್ತು. ಊಟ ಮಾಡಿದೆವು. ಚಪ್ಪಲಿ ಮೆಟ್ಟಿಕೊಂಡ ಮೇಲೆ, ಬೀದಿಯ ಕಡೆ ಮುಖ ಮಾಡಿ, "ತೆಗಸತೇನಿ ಬೇ" ಅಂದೆ.

"ತೆಗಸಿ ಫೋನ್ ಮಾಡು" ಅಂದಳು ಅವ್ವ. "ಆಮ್ಯಾಲೆ ಬರತೇನಿ."

ತೆಗೆಯುವುದಕ್ಕೆ ಬಡಿಗನೂ ಬೇಕಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿದರೆ ಮುಗಿಯಿತು. ಅಂಗಡಿಯಿಂದ ಸ್ಕ್ರೂ ಡ್ರೈವರ್ ತಂದಿಟ್ಟುಕೊಂಡು ಎಷ್ಟೋ ದಿನವಾಯಿತು. ಮುಂಜಾನೆ ಅದನ್ನು ಕೈಯಲ್ಲಿ ಹಿಡಿದು ಆ ಬಾಗಿಲ ತನಕ ಹೋಗುತ್ತೇನೆ, ನಿಲ್ಲುತ್ತೇನೆ, ತಿರುಗಿ ಬರುತ್ತೇನೆ. ತಮ್ಮನ ಮನೆಯ ಹೆಂಚು ಇಳಿಸಲು ಶುರು ಮಾಡಿದ್ದಾರಂತೆ, ಅವ್ವ ಇನ್ನೂ ನನ್ನ ಫೋನಿನ ದಾರಿ ನೋಡುತ್ತಿದ್ದಾಳಂತೆ.