ಶಾರ್ಜಾದ ಬಾಗಿಲಾಚೆ ನನ್ನ ಪೆಟ್ಟಿಗೆ

ಶಾರ್ಜಾದಲ್ಲಿ ದೊಡ್ಡಪ್ಪನ ಮಗ ನನ್ನನ್ನು ಮನೆಯೊಳಗೆ ಕರೆದುಕೊಂಡ. ಪೆಟ್ಟಿಗೆಯನ್ನು ಬಾಗಿಲಾಚೆಯೇ ನಿಲ್ಲಿಸಿದ.

“ಒಗೆಸೊಪ್ಪಿನ ವಾಸ್ನೆ ಕಣಮ್ಮಿ. ಮನೆಗೆಲ್ಲಾ ಇಡ್ಕತದೆ,” ಎಂದ.

ನನಗೆ ಯಾವ ವಾಸನೆಯೂ ಬರಲಿಲ್ಲ. ಹುಣಸೂರಿನ ಹತ್ತಿರದ ನಮ್ಮೂರು ಹನಗೋಡಿನಲ್ಲಿ ಗೂಡಿನ ಬಿಸಿಗೆ ಬೇಯಿಸಿ ಹದ ಮಾಡಿದ ಹೊಗೆಸೊಪ್ಪನ್ನು ಮಾರುವವರೆಗೂ ನಡುಮನೆಯಲ್ಲೇ ಪೇರಿಸಿಡುತ್ತೇವೆ. ಅದರ ಪಕ್ಕದಲ್ಲೇ ಉಣ್ಣುತ್ತೇವೆ, ಮಲಗುತ್ತೇವೆ. ಇದೇ ಅಣ್ಣ ಅದೇ ಸೊಪ್ಪಿಗೆ ಒರಗಿಕೊಂಡು ಎಸ್ಸೆಸ್ಸೆಲ್ಸಿಗೆ ಓದಿದವನು. ನಾಲ್ಕು ವರ್ಷ ಶಾರ್ಜಾದಲ್ಲಿದ್ದದ್ದಕ್ಕೆ ಅವನಿಗೆ ಹೊಸ ಮೂಗು ಬಂದಿತ್ತು!

ನಾನು ಮಣ್ಣಿನ ವಿಜ್ಞಾನ ಓದಲು ಸ್ಕಾಟ್ಲೆಂಡಿಗೆ ಹೊರಟಿದ್ದೆ. ನಡುವೆ ಮೂರು ದಿನ ಅಣ್ಣನ ಮನೆಯಲ್ಲಿರಲಿ ಎಂದು ಅಪ್ಪ ಏರ್ಪಾಡು ಮಾಡಿದ್ದರು. ಹೊಸ ಜಾಗವೆಂದು ಎಲ್ಲಕ್ಕೂ ಹೊಂದಿಕೊಂಡೆ. ತಣ್ಣೀರಿನ ನಲ್ಲಿಯಲ್ಲಿ ಹಗಲೆಲ್ಲ ಸುಡುನೀರು, ಸರಿ. ಮುದ್ದೆಯ ಬದಲು ಖುಬೂಸ್ ಎಂಬ ಅಂಗಡಿ ರೊಟ್ಟಿ, ಅದೂ ಸರಿ. ಎರಡನೆಯ ದಿನ ಅವನ ಮ್ಯಾನೇಜರ್ ಊಟಕ್ಕೆ ಬರುವವನಿದ್ದ. ನಾನು ಸ್ನಾನ ಮುಗಿಸಿ ಬಂದು ನೋಡಿದರೆ ಬಾಗಿಲಾಚೆ ಪೆಟ್ಟಿಗೆಯೇ ಇಲ್ಲ.

“ಕಸಕ್ಕೆ ಆಕುಸ್ದೆ. ಎಲ್ಲಾ ಒಸದು ಕೊಡುಸ್ತೀನಿ ಬುಡು,” ಎಂದ ಅಣ್ಣ.

ಮೈಯೆಲ್ಲ ಉರಿದುಹೋಯಿತು. ಸ್ಕಾಟ್ಲೆಂಡಿನಲ್ಲಿ ಚಳಿ ಹೆಚ್ಚಂತೆ ಎಂದು ಅವ್ವ ತಾನು ಹೊದೆಯುವ ಕಂಬಳಿಯನ್ನೇ ಮಡಚಿ ಆ ಪೆಟ್ಟಿಗೆಯಲ್ಲಿಟ್ಟಿದ್ದಳು.

“ನಿನ್ನ ಇಲ್ಲಿಗೆ ಕಳ್ಸುವಾಗ ದೊಡ್ಡಪ್ಪ ಏನ ಮಾರ್ತು? ಒಗೆಸೊಪ್ಪಲ್ವಾ? ಆಗ ಅದು ನಾರ್ನಿಲ್ವಾ?” ಎಂದು ಕೂಗಿದೆ.

“ಮೆಲ್ಲಗೆ ಮಾತಾಡಮ್ಮಿ, ಪಕ್ಕದೋರು ಕೇಳುಸ್ಕತರೆ.”

ಕೇಳಿಸಿಕೊಳ್ಳಲಿ ಎಂದೇ ಬಾಗಿಲನ್ನು ಧಡಾರನೆ ಬಡಿದು ಕೆಳಗಿಳಿದೆ. ಕಟ್ಟಡದ ಕಾವಲುಗಾರನನ್ನು ಅಲ್ಲಿ ನಾತೂರ್ ಎನ್ನುತ್ತಾರೆ. ಈತ ಕೇರಳದ ಮಾನಂದವಾಡಿಯ ಕಡೆಯವನು. ಪೆಟ್ಟಿಗೆಯನ್ನು ಎಸೆಯದೆ ತನ್ನ ಮಂಚದಡಿ ಇಟ್ಟಿದ್ದ.

“ಹುಣಸೂರಲ್ಲಿ ನಾನು ಟೀ ಅಂಗಡಿ ಇಟ್ಟಿದ್ದೆ. ಈ ವಾಸನೆ ನನಗೆ ಗೊತ್ತುಂಟು,” ಎಂದು ಅರೆಬರೆ ಕನ್ನಡದಲ್ಲಿ ಹೇಳಿದ. ರಕ್ತ ಹಂಚಿಕೊಂಡವನ ಮುಂದೆ ಬಾರದ ಅಳು ಯಾರೋ ಒಬ್ಬನ ಮುಂದೆ ಬಂದುಬಿಟ್ಟಿತು.

ಅಣ್ಣನೊಡನೆ ಆಮೇಲೆ ಮಾತಾಡಲಿಲ್ಲ. ಇವತ್ತಿಗೂ ಆಡಿಲ್ಲ. ಎಸ್‌ಟಿಡಿ ಬೂತಿಗೆ ಬಂದು ನನ್ನ ಫೋನಿಗೆ ಕಾಯುವ ಅವ್ವ, “ನಮ್ಮೋನೇ ಅಲ್ವಾ, ಓಗ್ಲಿ ಬುಡವ್ವ,” ಎನ್ನುತ್ತಾಳೆ. ಆಗಲ್ಲ ಎನ್ನುತ್ತೇನೆ.

ಅವ್ವನಿಗೆ ಒಂದನ್ನು ಮಾತ್ರ ಹೇಳಿಲ್ಲ. ಸ್ಕಾಟ್ಲೆಂಡಿನ ಹಾಸ್ಟೆಲಿಗೆ ಬಂದಿಳಿದ ದಿನವೇ, ಇಲ್ಲಿ ಯಾರೊಬ್ಬರೂ ಮೂಗು ಮುರಿಯುವ ಮೊದಲೇ, ಆ ಕಂಬಳಿಯನ್ನು ಸೋಪು ಹಾಕಿ ಮೂರು ಸಲ ಒಗೆದೆ. ಈಗ ಯಾರ ಮೇಲೆ ಕೂಗಲಿ?