ಚೀಟಿಯಲ್ಲಿ ಶುಗರ್ ಎಂದಿತ್ತು

ಕಳೆದ ವರ್ಷ ಫೆಬ್ರುವರಿಯ ಎರಡನೇ ಭಾನುವಾರ ಹಿರಿಯೂರಿನ ಒಂದು ಉಚಿತ ಕ್ಲಿನಿಕ್‌ನಲ್ಲಿ ನನ್ನ ರಕ್ತ ಪರೀಕ್ಷೆಯಾಯಿತು. ಸಿಫಿಲಿಸ್ ಇದೆ ಎಂದು ಬಂತು.

ಅಂಗೈಯಲ್ಲಿ ತಾಮ್ರದ ಬಣ್ಣದ ಕಲೆಗಳು ಎದ್ದು ಎರಡು ವಾರವಾಗಿತ್ತು. ತುರಿಕೆ ಇಲ್ಲ. ನೋವಿಲ್ಲ. ಅದಕ್ಕೂ ಮೊದಲು ಒಂದು ಹುಣ್ಣಾಗಿ ತಾನೇ ಮಾಯ್ದಿತ್ತು. ಹಿಂದಿನ ನವೆಂಬರ್‌ನಲ್ಲಿ ಕೆಲಸದ ಮೇಲೆ ಹೊರ ಊರಿಗೆ ಹೋಗಿದ್ದಾಗ ಬೇರೊಬ್ಬರ ಜೊತೆ ಇದ್ದೆ. ಅದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ನಾನು ಚಿತ್ರದುರ್ಗದಲ್ಲಿ ಒಂದು ಪತ್ರಿಕೆಯ ವರದಿಗಾರ. ಊರಿನ ಆಸ್ಪತ್ರೆಗಳಲ್ಲಿ ಎಲ್ಲರೂ ಗುರುತಿನವರೇ. ಹಾಗಾಗಿ ಹಿರಿಯೂರು.

ಆ ಕ್ಲಿನಿಕ್ ನಡೆಸುವವರು ಸ್ವಯಂಸೇವಕರು. ನಿವೃತ್ತ ನರ್ಸ್ ಸರೋಜಮ್ಮ ಶುರು ಮಾಡಿದ್ದು. ನಿವೃತ್ತ ಲ್ಯಾಬ್ ಟೆಕ್ನಿಷಿಯನ್ ಒಬ್ಬರು, ಆಮೇಲೆ ಒಬ್ಬ ವೈದ್ಯೆ ಜೊತೆಯಾದರು. ಟೈಲರ್ ಅಂಗಡಿಯ ಹಿಂದಿನ ಎರಡು ಕೋಣೆ, ಭಾನುವಾರ ಬೆಳಿಗ್ಗೆ ಮಾತ್ರ. ಮೊದಲು ‘ಲೈಂಗಿಕ ರೋಗಗಳ ತಪಾಸಣೆ’ ಎಂದೇ ಬೋರ್ಡ್ ಹಾಕಿದ್ದರಂತೆ. ಮೂರು ಭಾನುವಾರ ಒಬ್ಬರೂ ಬರಲಿಲ್ಲ. ನಾಲ್ಕನೆಯ ವಾರ ಅದೇ ಬೋರ್ಡನ್ನು ಮಗುಚಿ ‘ಬಿಪಿ, ಶುಗರ್ ತಪಾಸಣೆ’ ಎಂದು ಬರೆಸಿದರು. ಜನ ಬಂದರು. ನಿಜವಾಗಿ ಶುಗರ್ ಇದ್ದವರೂ ಬಂದರು.

“ಅವ್ರನ್ನೇನ್ ವಾಪಸ್ ಕಳ್ಸಾಕಾಗುತ್ತಾ? ಶುಗರ್ ನೋಡೋ ಮಿಷನ್ನೂ ತಂದ್ವಿ,” ಎಂದು ಸರೋಜಮ್ಮ ನಕ್ಕಿದ್ದರು.

ಕಾಯಿಲೆ ಯಾವುದೇ ಇರಲಿ, ಚೀಟಿಯಲ್ಲೂ ‘ಶುಗರ್’ ಎಂದೇ ಬರೆಯುತ್ತಿದ್ದರು. ಜೇಬಿನಲ್ಲಿ ಯಾರಿಗಾದರೂ ಸಿಕ್ಕರೆ ತೊಂದರೆಯಾಗಬಾರದೆಂದು ರೋಗಿಗಳೇ ಕೇಳಿಕೊಂಡ ಏರ್ಪಾಡು ಅದು.

ನನಗೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು.

“ಅರ್ಧ ಗಂಟೆ ಕುಂತ್ಕಳ್ರಿ. ಮುಂದಿನ ವಾರ ಮನೆಯವ್ರನ್ನ ಕರ್ಕಂಡು ಬರ್ರಿ, ಅವ್ರಿಗೂ ಟೆಸ್ಟ್ ಆಗ್ಬೇಕು. ಅಲ್ಲೀತನಕ ಇಬ್ರೂ ದೂರ ಇರ್ರಿ,” ಎಂದರು ಸರೋಜಮ್ಮ.

ಹೂಂ ಎಂದೆ.

ಮುಂದಿನ ವಾರ ಒಬ್ಬನೇ ಹೋದೆ. ಹೆಂಡತಿಗೆ ಜ್ವರ ಎಂದೆ. ಅದರ ಮುಂದಿನ ವಾರ, ಮನೆಗೆ ನೆಂಟರು ಬಂದಿದ್ದಾರೆ ಎಂದೆ.

“ಏನಪ್ಪ, ಊರ ಸುದ್ದಿಯೆಲ್ಲಾ ಬರೀತೀರಿ. ಮನೇಲಿ ಒಂದ್ ಮಾತು ಹೇಳಾಕೆ ಬಾಯಿಲ್ವಾ?”

ಮೂರನೇ ವಾರ ನಾನು ಹೋಗಲಿಲ್ಲ.

ಅಷ್ಟರಲ್ಲಿ ಅಂಗಿ ಒಗೆಯುವಾಗ ಹೆಂಡತಿ ರೇಣುಕಾಗೆ ಚೀಟಿ ಸಿಕ್ಕಿತ್ತು.

“ರೀ, ಶುಗರ್ ಐತಾ ನಿಮಗೆ? ಮೂವತ್ನಾಲ್ಕಕ್ಕೇ?”

ಹೌದೆಂದೆ.

ಅಂದಿನಿಂದ ಮನೆಯಲ್ಲಿ ನವಣೆ ಅನ್ನ, ಹಾಗಲಕಾಯಿ ಪಲ್ಯ, ಸಪ್ಪೆ ಕಾಫಿ. ಅವಳೂ ಸಕ್ಕರೆ ಬಿಟ್ಟಳು. “ನಿಮ್ಮೆದ್ರಿಗೆ ಕುಂತು ನಾನೊಬ್ಳೇ ಸಿಹಿ ಕುಡೀಲಾ?” ಎಂದಳು. ಹೇಳಿಬಿಡಬೇಕೆಂದು ನಾನು ಬಾಯಿ ತೆರೆದಾಗಲೆಲ್ಲ ಅವಳು ನನ್ನ ಊಟದ ಬಗ್ಗೆಯೇ ಏನಾದರೂ ಕೇಳುತ್ತಿದ್ದಳು. ಕಲೆಗಳು ಮಾಯವಾದವು. ಕಾಯಿಲೆ ಮುಗಿಯಿತೆಂದು ನಂಬುವುದು ಸುಲಭವಾಯಿತು. ದೂರ ಇರಬೇಕೆಂಬ ಮಾತನ್ನೂ ಮರೆತೆ.

ಜುಲೈನಲ್ಲಿ ಅವಳು ಮೂರು ತಿಂಗಳ ಬಸುರಿ. ತವರು ಮತ್ತೋಡಿಗೆ ಹೋಗಿದ್ದಾಗ ಬಸುರಿಯರಿಗೆ ಮಾಡುವ ರಕ್ತ ಪರೀಕ್ಷೆ ಮಾಡಿದರು. ಹೊಸದುರ್ಗದ ಆಸ್ಪತ್ರೆಯಿಂದ ನನಗೆ ಫೋನ್ ಬಂತು.

ಪಾಸಿಟಿವ್.

ಡಾಕ್ಟರ್ ಇಬ್ಬರನ್ನೂ ಎದುರು ಕೂರಿಸಿಕೊಂಡರು. “ನೀವು ಮೊದ್ಲೇ ಟ್ರೀಟ್‌ಮೆಂಟ್ ತಗೊಂಡಿದ್ರಾ? ಯಾವಾಗ?” ಎಂದು ನನ್ನನ್ನು ಕೇಳಿದರು.

“ಫೆಬ್ರುವರಿಯಲ್ಲಿ.”

ರೇಣುಕಾ ನನ್ನತ್ತ ತಿರುಗಲಿಲ್ಲ. ಡಾಕ್ಟರನ್ನೇ ಕೇಳಿದಳು: “ಮಗೀಗೇನಾಗುತ್ತೆ ಮೇಡಂ?”

ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ, ಆದರೆ ಈಗಲೇ ಖಚಿತವಾಗಿ ಹೇಳಲಾಗದು ಎಂದರು. ಅವಳಿಗೆ ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ನನಗೂ ಮತ್ತೆ ಪರೀಕ್ಷೆ, ಮತ್ತೆ ಇಂಜೆಕ್ಷನ್. ಪ್ರತಿ ವಾರ ಬಸ್ ಹತ್ತಿ ಹೊಸದುರ್ಗಕ್ಕೆ ಹೋಗಿ ಕೋಣೆಯ ಹೊರಗೆ ನಿಂತೆ. ಅವಳು ತಾಯಿಯ ಜೊತೆ ಬಂದು ತಾಯಿಯ ಜೊತೆ ಹೋದಳು. ನನಗೆ ಮಾಡಲು ಏನೂ ಇರಲಿಲ್ಲ. ಮಾಡಬೇಕಿದ್ದ ಒಂದೇ ಕೆಲಸದ ಹೊತ್ತು ಎಂದೋ ಮೀರಿತ್ತು.

ನಾನೇ ಫೋನ್ ಮಾಡಿ ತಿಳಿಸಿದ್ದರಿಂದ ಕೊನೆಯ ಇಂಜೆಕ್ಷನ್ ದಿನ ಸರೋಜಮ್ಮ ಬಂದರು.

“ಅವತ್ತೇ ನನಗೊಂದ್ ಮಾತು ಹೇಳ್ಬೋದಿತ್ತಲ್ಲಮ್ಮ,” ಎಂದಳು ರೇಣುಕಾ.

“ಒಬ್ರದ್ದು ಇನ್ನೊಬ್ರಿಗೆ ಹೇಳಿದ್ರೆ ನಾಳೆ ಯಾರೂ ನಮ್ಮ ಬಾಗ್ಲು ತುಳಿಯಲ್ಲ ತಾಯಿ.”

“ನಾನು ಸಪ್ಪೆ ಕಾಫಿ ಕುಡ್ಕಂಡು ಕುಂತಿದ್ನಲ್ಲ.”

ಸರೋಜಮ್ಮ ಮುಂದಿನ ಭಾನುವಾರದಿಂದ ಚೀಟಿಯಲ್ಲಿ ‘ಶುಗರ್’ ಎಂದು ಬರೆಯುವುದನ್ನು ನಿಲ್ಲಿಸಿದರು. ಈಗ ನಂಬರ್ ಮಾತ್ರ. ಟೆಕ್ನಿಷಿಯನ್ ಒಪ್ಪಿರಲಿಲ್ಲವಂತೆ. ಕೆಲವರು ಬರುವುದನ್ನೇ ಬಿಟ್ಟರಂತೆ. ಬೋರ್ಡ್ ಹಾಗೇ ಇದೆ.

ಈ ಜನವರಿಯಲ್ಲಿ ಹೆರಿಗೆಯಾಯಿತು. ಹೆಣ್ಣು.

ಮಗುವಿನ ರಕ್ತವೂ ರಿಯಾಕ್ಟಿವ್, ಅಂದರೆ ಪಾಸಿಟಿವ್.

ಅದು ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳಷ್ಟೇ ಇರಬಹುದು, ಮಗುವಿಗೆ ಕಾಯಿಲೆ ಇದೆಯೆಂದೇ ಅಲ್ಲ, ಕಾದು ನೋಡಬೇಕು ಎಂದರು. ಮಗುವಿಗೂ ಪೆನಿಸಿಲಿನ್ ಕೊಟ್ಟರು. ಅಂಗೈಯಷ್ಟೂ ಇಲ್ಲದ ಆ ಪಾದದಿಂದ ರಕ್ತ ತೆಗೆಯುವಾಗ ನಾನು ಗಾಜಿನ ಬಾಗಿಲ ಈಚೆ ಇದ್ದೆ. ಅಳು ಕೇಳಿಸುತ್ತಿತ್ತು. ಮೂರನೇ ತಿಂಗಳ ಪರೀಕ್ಷೆಯಲ್ಲಿ ಅವುಗಳ ಪ್ರಮಾಣ ಇಳಿದಿತ್ತು, ಪೂರ್ತಿ, ಹೋಗಿರಲಿಲ್ಲ.

ಆರನೇ ತಿಂಗಳ ರಿಪೋರ್ಟ್ ಕಳೆದ ಸೋಮವಾರ ಬಂತು. ರೇಣುಕಾ ಅದರ ಫೋಟೊ ತೆಗೆದು ನನ್ನ ಮೊಬೈಲ್‌ಗೆ ಕಳಿಸಿದಳು. ‘ನಾನ್-ರಿಯಾಕ್ಟಿವ್’ ಎಂದಿದೆ. ಜೊತೆಗೆ ಬೇರೇನೂ ಬರೆದಿರಲಿಲ್ಲ. ನೋಡಲು ಬರಲೇ ಎಂದು ಕೇಳಿದೆ. ಓದಿದ್ದಾಳೆ. ಉತ್ತರ ಬಂದಿಲ್ಲ. ತಾಯಿ, ಮಗು ಮತ್ತೋಡಿನಲ್ಲಿದ್ದಾರೆ.